ಓದುಗರ ಪ್ರಶ್ನೆ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: 2021ರ ಜನವರಿಯಲ್ಲಿ ಶುರುವಾದ ಏರ್ ಇಂಡಿಯಾ ನೇರ ವಿಮಾನದ ಆಗಿನ ವೇಳಾಪಟ್ಟಿ ನೋಡಿದೆ. ಬೆಂಗಳೂರನ್ನು ಮಧ್ಯಾಹ್ನ 2.30ಕ್ಕೆ ಬಿಟ್ಟು ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿ ಶನಿವಾರ ರಾತ್ರಿ 8.30ಕ್ಕೆ ಹತ್ತಿದರೆ ಸೋಮವಾರ ನಸುಕಿನ 3.45ಕ್ಕೆ ಬೆಂಗಳೂರು. ಪ್ರಯಾಣ ನಿಜಕ್ಕೂ ಎಷ್ಟು ಗಂಟೆ? (ಹಾಸನ)

ಉತ್ತರ: ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಎರಡನ್ನೂ ನಮ್ಮ ಗಡಿಯಾರಕ್ಕೆ ತಂದುಕೊಂಡು ಕಳೆಯಿರಿ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಅಲ್ಲಿನ ಸಂಜೆ 5 ಎಂದರೆ ನಮಗೆ ಮರುದಿನ ಬೆಳಿಗ್ಗೆ 6.30; ಹೋಗಲು 16 ಗಂಟೆ. ಅಲ್ಲಿನ ಶನಿವಾರ ರಾತ್ರಿ 8.30 ನಮ್ಮ ಭಾನುವಾರ ಬೆಳಿಗ್ಗೆ 10. ಬರಲು 17 ಗಂಟೆ 45 ನಿಮಿಷ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಆಗ ಅಲ್ಲಿನ ಸಮಯಕ್ಕೆ 12 ಗಂಟೆ 30 ನಿಮಿಷ ಕೂಡಿಸಬೇಕು.

ಕರೆದುಕೊಂಡು ಬರಲು ಹೋಗುವವರು ಎಡವುವುದು ಇಲ್ಲೇ. ಸೋಮವಾರ 3.45 ಎಂದಿದ್ದರೆ ಹಾಸನ ಬಿಡಬೇಕಾದ್ದು ಭಾನುವಾರ ರಾತ್ರಿ. ಸೋಮವಾರ ರಾತ್ರಿ ಹೊರಟರೆ ಇಡೀ ಒಂದು ದಿನ ತಡ.

ಪ್ರಶ್ನೆ: ಇದೇ ದೂರ ಒಂದು ಕಡೆ 14,000, ಇನ್ನೊಂದು ಕಡೆ 8,700, ಮತ್ತೊಂದು ಕಡೆ 7,550 ಎಂದಿದೆ. ಯಾವುದು ಸರಿ? ಬರುವಾಗ ಯಾಕೆ ಹೆಚ್ಚು ಹೊತ್ತು? (ತುಮಕೂರು)

ಉತ್ತರ: ಮೂರೂ ಸರಿ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಇದು ಭೂಗೋಳದ ಮೇಲೆ ದಾರ ಎಳೆದು ಹಿಡಿದರೆ ಸಿಗುವ ಅತಿ ಹತ್ತಿರದ ದೂರ. ಆ ದಾರ ಬೆಂಗಳೂರಿನಿಂದ ಉತ್ತರಕ್ಕೇ ಏರಿ ಸುಮಾರು 71 ಡಿಗ್ರಿ ಅಕ್ಷಾಂಶ ಮುಟ್ಟಿ ಇಳಿಯುತ್ತದೆ.

ವಿಮಾನ ಹಾರುವುದು ಆ ಗೆರೆಯ ಮೇಲಲ್ಲ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ಕ್ಯಾಬಿನ್ನಿನ ಒತ್ತಡ ಹೋದರೆ ಉಸಿರಾಡಲು ಗಾಳಿ ಸಾಲುವ 10,000 ಅಡಿಗೆ ಇಳಿಯಬೇಕು, ಆದರೆ ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಹೀಗಾಗಿ ಸಾಮಾನ್ಯವಾಗಿ ಸುತ್ತಿಕೊಂಡು ಹೋಗುತ್ತಾರೆ. ಇನ್ನು ಗಾಳಿ. ಜೆಟ್ ಸ್ಟ್ರೀಮ್, ಅಂದರೆ ವಿಮಾನ ಹಾರುವ ಎತ್ತರದಲ್ಲಿನ ಜೋರು ಗಾಳಿ, ಬೀಸುವುದು ಪಶ್ಚಿಮದಿಂದ ಪೂರ್ವಕ್ಕೆ. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ 100 ಕಿ.ಮೀ. ಗಾಳಿ ಬೆನ್ನಿಗಿದ್ದರೆ 14,000 ಕಿ.ಮೀ.ಗೆ 14 ಗಂಟೆ, ಎದುರಿಗಿದ್ದರೆ ಹದಿನೇಳೂವರೆ. ಅದಕ್ಕೇ ಹೋಗುವಾಗ ಪೆಸಿಫಿಕ್ ಮೇಲಿನ ಗಾಳಿ ಹಿಡಿಯುವುದು ಲಾಭ. ಬರುವಾಗ ಅದನ್ನು ತಪ್ಪಿಸಬೇಕು. 2021ರಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಬೋಯಿಂಗ್ 777ರಲ್ಲಿ ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ಬಂದರು. ಅದು ದೊಡ್ಡ ಸಾಧನೆ, ಏಕೆಂದರೆ ಧ್ರುವದ ದಾರಿಯ ಚಳಿಯಲ್ಲಿ ಇಂಧನ ಹೆಪ್ಪುಗಟ್ಟದಂತೆಯೂ ಕಣ್ಣಿಡಬೇಕು. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬುವ ಜೆಟ್ ಎ ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 40 ಡಿಗ್ರಿ. ನಮ್ಮಲ್ಲಿ ಸಿಗುವ ಜೆಟ್ ಎ-1ಗೆ ಮೈನಸ್ 47. ಟ್ಯಾಂಕಿನ ಉಷ್ಣತೆ ಆ ಮಿತಿಯ ಹತ್ತಿರ ಬಂದರೆ ಪೈಲಟ್ ವೇಗ ಹೆಚ್ಚಿಸುತ್ತಾರೆ, ಇಲ್ಲವೇ ಬೆಚ್ಚಗಿನ ಗಾಳಿಯಿರುವ ಎತ್ತರಕ್ಕೆ ಇಳಿಸುತ್ತಾರೆ.