ಡಿಕ್ಷನರಿ ಬಾಯಿಪಾಠ ಮಾಡಿದರೆ ಇಂಗ್ಲಿಷ್ ಬರುತ್ತಾ?

ಚಿತ್ರದುರ್ಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ್ದೀರಿ, ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತಿದ್ದೀರಿ. ದಿನಕ್ಕೊಂದು ಪುಟದಂತೆ ಡಿಕ್ಷನರಿ ಬಾಯಿಪಾಠ ಮಾಡಲಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಇಂಗ್ಲಿಷ್ ಪಾಠ ಮಾಡುವವನು. ಖಂಡಿತ ಬೇಡ. ಆದರೆ ಡಿಕ್ಷನರಿಯನ್ನು ಮಾತ್ರ ಕೈಬಿಡಬೇಡಿ. ಅದು ಹೇಗೆ ತಯಾರಾಗುತ್ತದೆ ಅಂತ ತಿಳಿದರೆ, ಹೇಗೆ ಬಳಸಬೇಕು ಅನ್ನುವುದೂ ತಿಳಿಯುತ್ತದೆ.

ಡಿಕ್ಷನರಿ ಮಾಡುವವರು ಮೊದಲು ಹುಡುಕುವುದು ವಾಕ್ಯಗಳನ್ನು. ಅರ್ಥ ಬರೆಯುವುದು ಆಮೇಲೆ. ಆಕ್ಸ್‌ಫರ್ಡ್‌ನ ದೊಡ್ಡ ಡಿಕ್ಷನರಿಗೆ 1879ರಲ್ಲಿ ಜೇಮ್ಸ್ ಮರ್ರೆ ಸಂಪಾದಕರಾದರು. ಸಾಮಾನ್ಯ ಓದುಗರು ತಾವು ಓದಿದ ಪುಸ್ತಕಗಳಿಂದ ಒಂದೊಂದು ಪದ ಬಂದ ವಾಕ್ಯವನ್ನು ಚೀಟಿಯಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದರು. ಲಕ್ಷಗಟ್ಟಲೆ ಚೀಟಿ! ಮರ್ರೆ ಮನೆಯ ತೋಟದಲ್ಲಿ ತಗಡಿನ ಶೆಡ್ ಹಾಕಿಸಿ, ಗೂಡುಗಳಲ್ಲಿ ಚೀಟಿ ಜೋಡಿಸಿಟ್ಟರು. ಒಂದು ಪದದ ಚೀಟಿಗಳನ್ನೆಲ್ಲ ಒಟ್ಟಿಗೆ ಹರವಿಕೊಂಡು ಓದಿದ ಮೇಲೇ ಅದರ ಅರ್ಥಗಳನ್ನು ಬೇರೆ ಬೇರೆ ಮಾಡಿ ಬರೆಯುತ್ತಿದ್ದರು. ಹತ್ತು ವರ್ಷದ ಕೆಲಸ ಅಂದುಕೊಂಡದ್ದು ಮುಗಿದದ್ದು 1928ರಲ್ಲಿ. ಮರ್ರೆ 1915ರಲ್ಲೇ ತೀರಿಕೊಂಡಿದ್ದರು. ಈ ಕಥೆ ಹೇಳುವಾಗಲೆಲ್ಲ ನನಗೆ ಅವರ ಮೇಲೆ ಗೌರವ ಉಕ್ಕುತ್ತದೆ. ನಮ್ಮ ಕಿಟೆಲ್ ಅವರೂ ಅಂಥವರೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ಕೋಶ ತೆರೆದರೆ, ಪದದ ಜೊತೆಗೇ ಜನರ ಗಾದೆಗಳೂ ಸಿಗುತ್ತವೆ. ಈಗ ಚೀಟಿಯ ಕೆಲಸ ಕಂಪ್ಯೂಟರ್‌ಗೆ ಹೋಗಿದೆ, ಅಷ್ಟೇ.

ನೀವೂ ಇದನ್ನೇ ಮಾಡಿ. ಪತ್ರಿಕೆಯಲ್ಲಿ ಹೊಸ ಪದ ಸಿಕ್ಕರೆ ಅದರ ಪೂರ್ತಿ ವಾಕ್ಯವನ್ನು ಬರೆದುಕೊಳ್ಳಿ. ಅದೇ ಪದ ಇನ್ನೊಂದು ಕಡೆ ಸಿಕ್ಕರೆ ಆ ವಾಕ್ಯವನ್ನೂ ಅದರ ಕೆಳಗೇ ಸೇರಿಸಿ. ಅಕ್ಕಪಕ್ಕ ಯಾವ ಪದ ಬರುತ್ತದೆ ನೋಡಿ. ಜಗಳೂರು, ಚನ್ನಗಿರಿ ಕಡೆಯ ನನ್ನ ವಿದ್ಯಾರ್ಥಿಗಳು 'ಡಿಸಿಷನ್' ಪದದ ಅರ್ಥ ಥಟ್ಟನೆ ಹೇಳುತ್ತಾರೆ. ಬರೆಯುವಾಗ 'ಡು' ಹಾಕಬೇಕೋ 'ಮೇಕ್' ಹಾಕಬೇಕೋ ಅಂತ ತಡವರಿಸುತ್ತಾರೆ. ಪರೀಕ್ಷೆಯಲ್ಲಿ ಅಂಕ ಹೋಗುವುದೇ ಅಲ್ಲಿ, ಅಲ್ವಾ?

ಯಾವ ಪದ ಮೊದಲು ಕಲಿಯಬೇಕು? ಇಂಗ್ಲಿಷ್ ಬೋಧನೆಯ ತಜ್ಞ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ಪಟ್ಟಿ ಪ್ರಕಟಿಸಿದರು. ಸಾಮಾನ್ಯ ಬರಹದಲ್ಲಿ ಮತ್ತೆ ಮತ್ತೆ ಬರುವ ಪದಗಳವು. 1978ರ ಲಾಂಗ್‌ಮನ್ ಡಿಕ್ಷನರಿ ಕೂಡ ಸುಮಾರು 2000 ಸುಲಭ ಪದಗಳಲ್ಲೇ ಉಳಿದ ಪದಗಳ ಅರ್ಥ ವಿವರಿಸಿತು. ಈ 2000 ಗಟ್ಟಿಯಾಗುವವರೆಗೆ ಕೋಚಿಂಗ್‌ನಲ್ಲಿ ಕೊಡುವ ಅಪರೂಪದ ಪದಗಳ ಪಟ್ಟಿ ಮುಟ್ಟಬೇಡಿ. ಸುಮ್ನೆ ಹೊರೆ ಅದು.

ಇಂಗ್ಲಿಷ್–ಕನ್ನಡ ಕೋಶವೂ ಜೊತೆಗಿರಲಿ, ತಪ್ಪೇನಿಲ್ಲ. ಕನ್ನಡದ ಅರ್ಥ ನೋಡಿದ ಮೇಲೆ ಲರ್ನರ್ಸ್ ಡಿಕ್ಷನರಿಯಲ್ಲಿ, ಅಂದರೆ ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ಡಿಕ್ಷನರಿಯಲ್ಲಿ, ಉದಾಹರಣೆ ವಾಕ್ಯಗಳನ್ನೂ ಓದಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಪುಸ್ತಕವೇ ಬೇಕು ಅನ್ನಿಸಿದರೆ ಹಳೆಯ ಆವೃತ್ತಿ ಸಾಕು. ಆ 2000 ಪದಗಳು ಅದರಲ್ಲೂ ಇರುತ್ತವೆ.