ವೈರಸ್ಸಿಗೂ ಕ್ಯಾನ್ಸರಿಗೂ ಸಕ್ಕರೆಯ ನಂಟು

ನೆಗಡಿ ತರುವ ವೈರಸ್ಸಿನಿಂದ ಕ್ಯಾನ್ಸರ್ ಬಗ್ಗೆ ಏನು ಕಲಿಯೋಕಾಗುತ್ತೆ ಅಂತ ಕೇಳಿದ್ದೀರಿ. ನೋಡಿ, ಇಬ್ಬರ ಹಸಿವೂ ಒಂದೇ ಥರ.

ಆಮ್ಲಜನಕ ಇದ್ದರೂ ಕ್ಯಾನ್ಸರ್ ಕೋಶ ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಗೆ ಬಿಡುತ್ತದೆ. ಜರ್ಮನಿಯ ವಿಜ್ಞಾನಿ ಆಟೋ ವಾರ್ಬರ್ಗ್ 1920ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಪೋಲು ಅನಿಸುತ್ತೆ, ಅಲ್ವಾ? ಆದರೆ ಬೆಳೆಯುವ ಕೋಶಕ್ಕೆ ಬರೀ ಶಕ್ತಿ ಸಾಲದು, ಹೊಸ ಡಿಎನ್ಎ ಕಟ್ಟೋಕೆ ಸಾಮಗ್ರಿಯೂ ಬೇಕು. ಗ್ಲೂಕೋಸಿನ ಒಂದು ಪಾಲು ಅದಕ್ಕೆ ಹೋಗುತ್ತದೆ.

ಕೋಶದ ಒಳಗೆ ನುಗ್ಗಿದ, ನೆಗಡಿ ತರುವ ಅಡಿನೋವೈರಸ್ಸಿಗೂ ಅದೇ ಬೇಕು. ತನ್ನ ಸಾವಿರಾರು ಪ್ರತಿ ಮಾಡಬೇಕಲ್ಲ! ಅಮೆರಿಕದ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಹೆದರ್ ಕ್ರಿಸ್ಟಾಫ್ಕ್ ತಂಡ 2014ರಲ್ಲಿ ಇದರ ಕೀಲಿ ತೋರಿಸಿತು. ವೈರಸ್ಸಿನ ಇ4ಒಆರ್‌ಎಫ್1 ಎಂಬ ಪ್ರೋಟೀನು ನಮ್ಮ ಕೋಶದ 'ಮಿಕ್' ಪ್ರೋಟೀನಿಗೆ ಅಂಟಿಕೊಂಡು ಸಕ್ಕರೆ ಬಳಸುವ ಜೀನುಗಳನ್ನು ಚುರುಕು ಮಾಡುತ್ತದೆ. ಎಷ್ಟೋ ಕ್ಯಾನ್ಸರುಗಳಲ್ಲಿ ಹದ್ದು ಮೀರಿ ಕುಣಿಯುವುದೂ ಇದೇ ಮಿಕ್! ವೈರಸ್ಸಿನ ಪ್ರೋಟೀನು ಮಿಕ್‌ಗೆ ಅಂಟುವ ಜಾಗ ಕೆಡಿಸಿದರೆ ವೈರಸ್ ಅಷ್ಟು ಚೆನ್ನಾಗಿ ಬೆಳೆಯಲ್ಲ.

ಕೋಶ ಹೀಗೆ ಸಕ್ಕರೆಯಿಂದ ಆಮ್ಲ ಮಾಡೋದು ಲ್ಯಾಬಿನಲ್ಲಿ ಕಣ್ಣಿಗೇ ಕಾಣುತ್ತೆ. ಕೋಶ ಬೆಳೆಸುವ ಗುಲಾಬಿ ದ್ರವ ಆಮ್ಲ ಜಾಸ್ತಿಯಾದಂತೆ ಹಳದಿಗೆ ತಿರುಗುತ್ತದೆ.

'ಹಾಗಾದ್ರೆ ಸಕ್ಕರೆ ಬಿಟ್ಟರೆ ಗಡ್ಡೆ ಸಾಯುತ್ತಾ?' ಅಂತಾನೂ ಕೇಳಿದ್ದೀರಲ್ಲ, ಇಲ್ಲ. ನೀವು ತಿನ್ನದಿದ್ದರೂ ಲಿವರ್ ಗ್ಲೂಕೋಸ್ ತಯಾರಿಸುತ್ತಲೇ ಇರುತ್ತೆ. ಸುಮ್ನೆ ಉಪವಾಸ ಕೂರಬೇಡಿ, ಊಟದ ವಿಷಯ ಡಾಕ್ಟರ ಹತ್ತಿರವೇ ಮಾತಾಡಿ.