ಗೋಡೆ ನೆಕ್ಕುವ ಹಸುವಿಗೆ ಬೆಲ್ಲ ಬೇಡ

ಮಧುಗಿರಿ ಕಡೆಯ ಅಣ್ಣನವರಿಗೆ, ನಿಮ್ಮ ವಿಡಿಯೊವನ್ನು ಎರಡು ಸಲ ನೋಡಿದೆ. ಕರು ಹಾಕಿ ಮೂರು ವಾರವಾದ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸು, ಹಾಲು ಹದಿನೆಂಟು ಲೀಟರಿನಿಂದ ಒಂಬತ್ತಕ್ಕೆ ಇಳಿದಿದೆ. ಹಿಂಡಿಯನ್ನು ಮೂಸಿ ಬಿಡುತ್ತದೆ, ರಾಗಿ ಹುಲ್ಲನ್ನಾದರೆ ಎಳೆದುಕೊಳ್ಳುತ್ತದೆ. ಕಂಬ, ಗೋಡೆ, ತನ್ನದೇ ಮುಂಗಾಲು, ಸಿಕ್ಕಿದ್ದನ್ನೆಲ್ಲ ನೆಕ್ಕುತ್ತದೆ. ಊರಿನವರು ಗಾಳಿ ಸೋಕಿದೆ ಎಂದರಂತೆ, ನೀವು ದಿನಕ್ಕೆ ಎರಡು ಕೆ.ಜಿ. ಬೆಲ್ಲ ತಿನ್ನಿಸುತ್ತಿದ್ದೀರಿ. ಆ ಬೆಲ್ಲವನ್ನು ಇಂದೇ ನಿಲ್ಲಿಸಿ.

ಅದಕ್ಕೂ ಮೊದಲು ಒಂದು ಮಾತು: ವೈದ್ಯರು ನೋಡುವ ತನಕ ಅದರ ಬಾಯಿಗೆ ಬರಿಗೈ ಹಾಕಬೇಡಿ. ಹುಚ್ಚುನಾಯಿ ಕಚ್ಚಿದ ದನವೂ ಹೀಗೆ ಆಡುವುದುಂಟು. 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಿ.

ನನಗೆ ಇದು ಕೀಟೋಸಿಸ್ ಎನ್ನಿಸುತ್ತದೆ, ಅದೂ ತಲೆಗೇರಿದ ಬಗೆಯದು. ಹಾಲಿನ ಸಿಹಿಯನ್ನು ಕೆಚ್ಚಲು ರಕ್ತದ ಗ್ಲೂಕೋಸಿನಿಂದಲೇ ತಯಾರಿಸಬೇಕು. ಲೀಟರಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಎಂದರೂ ಹದಿನೆಂಟು ಲೀಟರಿಗೆ ಒಂದೂಕಾಲು ಕೆ.ಜಿ. ಆಯಿತು. ಕರು ಹಾಕಿದ ಹೊಸದರಲ್ಲಿ ಹಾಲು ಏರುವಷ್ಟು ಬೇಗ ಹಸಿವು ಏರುವುದಿಲ್ಲ. ಕೊರತೆ ತುಂಬಲು ಮೈಯ ಕೊಬ್ಬು ಕರಗಿ ಯಕೃತ್ತಿಗೆ ಬರುತ್ತದೆ. ಅಷ್ಟನ್ನೂ ಅರಗಿಸಲಾಗದೆ ಅದು ಕೀಟೋನ್ ಎಂಬ, ಅರೆಬರೆ ಅರಗಿದ ಕೊಬ್ಬಿನ ವಸ್ತುಗಳನ್ನು ರಕ್ತಕ್ಕೆ ಬಿಡುತ್ತದೆ. ಮಿದುಳಿಗೆ ಬೇಕಾದದ್ದೂ ಅದೇ ಗ್ಲೂಕೋಸ್. ಕೆಚ್ಚಲು ಮೊದಲ ಪಂಕ್ತಿಯಲ್ಲಿ ಕುಳಿತು ಎಲ್ಲ ಮುಗಿಸಿದರೆ ಮಿದುಳಿನ ಎಲೆ ಖಾಲಿ. ನೆಕ್ಕುವುದು, ಸುತ್ತುವುದು, ಗೋಡೆಗೆ ಹಣೆ ಒತ್ತಿ ನಿಲ್ಲುವುದು ಆಗಲೇ.

ನನ್ನ ಹಸುವಿಗೆ ಮೊದಲ ಸಲ ಹೀಗಾದಾಗ ಡೇರಿ ಚೀಟಿಯಲ್ಲಿ ಫ್ಯಾಟ್ ಏರಿತ್ತು. ಹಿಂಡಿ ಬದಲಿಸಿದ್ದು ಫಲ ಕೊಟ್ಟಿತು ಎಂದು ಬೀಗಿದ್ದೆ. ಅದು ಹಸುವಿನ ಬೆನ್ನಿನ ಕೊಬ್ಬೇ ಹಾಲಿಗಿಳಿದದ್ದು ಎಂದು ತಿಳಿದದ್ದು ಮೂರನೆಯ ದಿನ, ಅದು ಸರಪಳಿ ಅಗಿಯಲು ಶುರು ಮಾಡಿದಾಗ. ನಿಮ್ಮ ಚೀಟಿಗಳನ್ನೂ ತೆಗೆದು ನೋಡಿ. ಉಸಿರಿನಲ್ಲಿ ಉಗುರುಬಣ್ಣ ಅಳಿಸುವ ದ್ರವದ ವಾಸನೆ ಇದೆಯೇ ಎಂದು ದೂರದಿಂದಲೇ ಗಮನಿಸಿ. ಔಷಧದ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಮಾರುವ, ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿ ಸಿಗುತ್ತದೆ. ಗಂಜಲದಲ್ಲಿ ಅದ್ದಿ ನೋಡಿ. ತಿಳಿ ಗುಲಾಬಿಗೆ ಗಾಬರಿ ಬೇಡ, ಗಾಢ ನೇರಳೆಯಾದರೆ ಅನುಮಾನ ಗಟ್ಟಿ.

ಇನ್ನು ಬೆಲ್ಲದ ವಿಷಯ. ನಾವು ತಿಂದ ಸಿಹಿ ರಕ್ತಕ್ಕೆ ಹೋಗುತ್ತದೆ. ಹಸು ತಿಂದದ್ದನ್ನು ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಹುಳಿ ಬರಿಸಿ ಆಮ್ಲ ಮಾಡಿಬಿಡುತ್ತವೆ. ಆ ಆಮ್ಲಗಳಲ್ಲಿ ಒಂದಾದ ಬ್ಯುಟಿರಿಕ್ ಆಮ್ಲ ಮತ್ತೆ ಕೀಟೋನೇ ಆಗುತ್ತದೆ. ಕೊಳೆತ ವಾಸನೆಯ ರಸಮೇವಿನಲ್ಲಿ (ಸೈಲೇಜ್) ಇರುವುದೂ ಅದೇ. ಹೀಗಾಗಿ ಬೆಲ್ಲದಿಂದ ಮಿದುಳಿಗೆ ಹೆಚ್ಚೇನೂ ಸೇರಲಿಲ್ಲ, ಹೊಟ್ಟೆ ಹುಳಿಯೇರುವ ಭಯ ಬೇರೆ.

ವೈದ್ಯರು ನರಕ್ಕೆ ಡೆಕ್ಸ್ಟ್ರೋಸ್, ಅಂದರೆ ಗ್ಲೂಕೋಸನ್ನೇ, ಹಾಕುತ್ತಾರೆ. ಸಂಜೆಯೊಳಗೇ ಹಸು ಹಿಂಡಿಗೆ ಬಾಯಿ ಹಾಕಬಹುದು. ಅದನ್ನು ನಂಬಿ ಕೈಬಿಡಬೇಡಿ, ಆ ಗ್ಲೂಕೋಸ್ ಕೆಲವೇ ಗಂಟೆಗಳದ್ದು. ಮುಂದೆ ಮೂರರಿಂದ ಐದು ದಿನ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಕುಡಿಸಲು ಹೇಳುತ್ತಾರೆ, ಸಾಮಾನ್ಯವಾಗಿ ದಿನಕ್ಕೆ 300 ಮಿ.ಲೀ. ಆಸುಪಾಸು. ಅದು ಯಕೃತ್ತಿನಲ್ಲಿ ಗ್ಲೂಕೋಸ್ ಆಗುತ್ತದೆ. ಕುಡಿಸುವಾಗ ತಲೆಯನ್ನು ತೀರಾ ಮೇಲೆತ್ತಬೇಡಿ, ಶ್ವಾಸಕೋಶಕ್ಕೆ ಹೋದರೆ ಹಸು ಉಳಿಯುವುದು ಕಷ್ಟ.

ಮುಂದಿನ ಗಬ್ಬದಲ್ಲಿ ಹಾಲು ಬತ್ತಿಸಿದ ಮೇಲೆ ಕೊಬ್ಬಿಸಬೇಡಿ. ವಿಡಿಯೊದಲ್ಲಿ ಅದರ ಬಾಲದ ಬುಡ ಇನ್ನೂ ಗುಂಡಗೆ ಕಾಣುತ್ತಿದೆ, ಕರು ಹಾಕುವಾಗ ಎಷ್ಟಿತ್ತೋ! ಹಿಂಡಿಯನ್ನು ಕರು ಹಾಕುವ ಎರಡು-ಮೂರು ವಾರ ಮೊದಲೇ ಸ್ವಲ್ಪದರಿಂದ ಶುರು ಮಾಡಿ, ಆಮೇಲೆ ಹಿಂದಿನ ದಿನಕ್ಕಿಂತ ಅರ್ಧ ಕೆ.ಜಿ.ಗೂ ಹೆಚ್ಚು ಏರಿಸಬೇಡಿ. ಜೋಳದ ನುಚ್ಚು ಅದರಲ್ಲಿ ಇರಲಿ.

ಪಟ್ಟಿಯ ಬಣ್ಣದ ಚಿತ್ರವನ್ನೂ ಕಳೆದ ಹತ್ತು ದಿನದ ಡೇರಿ ಚೀಟಿಗಳನ್ನೂ ಇಲ್ಲೇ ಹಾಕಿ.